ಗಾಂಧಿ ಕ್ಲಾಸಿನಲ್ಲಿ ಅವ್ವ ಹಿಡಿದ ಸೀಟು

ದೆವ್ವದ ಕಥೆ ಹೇಳುವವರ ಬಾಯಿ ಮುಚ್ಚಿಸುವುದರಲ್ಲಿ ನಾನು ಎತ್ತಿದ ಕೈ. ಯಾರಾದರೂ "ನಮ್ಮ ಚಿಕ್ಕಪ್ಪನಿಗೆ ಹೀಗಾಯಿತಂತೆ" ಎಂದು ಶುರು ಮಾಡಿದರೆ ಸಾಕು, ನೀವು ಕಣ್ಣಾರೆ ಕಂಡಿರಾ, ಆಗ ಲೈಟು ಇತ್ತಾ, ಚಿಕ್ಕಪ್ಪ ಏನಾದರೂ ಹಾಕಿಕೊಂಡಿದ್ದರಾ ಎಂದು ಕೇಳಿ ಕೇಳಿ, ಪಾಪ, ಅವರೇ ಮಾತು ಬದಲಿಸುವಂತೆ ಮಾಡುತ್ತಿದ್ದೆ. ಸಿಂಗಪುರದ ಒನ್-ನಾರ್ತ್‌ನಲ್ಲಿ ಒಂದು ಲ್ಯಾಬಿನಲ್ಲಿ ನನ್ನ ಕೆಲಸ. ಯಾವುದೇ ಪ್ರಯೋಗವನ್ನು ಮೂರು ಸಲ ಮಾಡಿ, ಮೂರು ಸಲವೂ ಒಂದೇ ಉತ್ತರ ಬಂದರೆ ಮಾತ್ರ ಅದನ್ನು ಬರೆದುಕೊಳ್ಳುತ್ತೇವೆ. ಈಗ ನಾನು ಹೇಳಹೊರಟಿರುವುದು ಒಂದೇ ಒಂದು ಸಲ ನಡೆದದ್ದು. ಅದೂ ನಡುರಾತ್ರಿಯಲ್ಲಲ್ಲ, ಸ್ಮಶಾನದಲ್ಲಲ್ಲ. ಹಾಡುಹಗಲು, ಮುನ್ನೂರು ಮಂದಿ ಕನ್ನಡಿಗರು ಸಿಳ್ಳೆ ಹೊಡೆಯುತ್ತಿದ್ದ ಒಂದು ಥಿಯೇಟರಿನಲ್ಲಿ. ನಿಮಗೆ ನಗು ಬಂದರೆ ನಕ್ಕುಬಿಡಿ, ನನಗೇನೂ ಬೇಜಾರಿಲ್ಲ.

ಮೊದಲು ನನ್ನ ಅಪ್ಪ ಅವ್ವನ ವಿಷಯ ಹೇಳಬೇಕು. ಅಪ್ಪ ಗದಗಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದರು. ಅವರಿಗೆ ಸಿನಿಮಾ ಹುಚ್ಚು. ನೋಡುವ ಹುಚ್ಚಿಗಿಂತ ಹೇಳುವ ಹುಚ್ಚು ಜಾಸ್ತಿ. ಒಂದು ಸಿನಿಮಾ ನೋಡಿ ಬಂದರೆ ನಮ್ಮ ಓಣಿಯವರೆಲ್ಲ ಕಟ್ಟೆಯ ಮೇಲೆ ಸೇರಬೇಕು. ಅಪ್ಪ ಹಾಡು, ಹೊಡೆದಾಟ, ಅಳು ಎಲ್ಲವನ್ನೂ ಮಾಡಿ ತೋರಿಸಿ ಕಥೆ ಹೇಳಬೇಕು. ದೃಶ್ಯ ಬದಲಾದಾಗಲೆಲ್ಲ ತೊಡೆ ತಟ್ಟಿ "ಇತ್ಲಾಗ ಏನಾತಂದ್ರ" ಎನ್ನುವುದು ಅವರ ವಾಡಿಕೆ. ಅವ್ವ ಇದಕ್ಕೆ ತದ್ವಿರುದ್ಧ. ನಾಲ್ಕು ಮಾತು ಬೇಕಾದಲ್ಲಿ ಒಂದು ಆಡುವವಳು. ಅವಳಿಗೆ ಕಥೆ ಹೇಳಲು ಬರುತ್ತಿರಲಿಲ್ಲ, ಕೇಳಲು ಮಾತ್ರ ಬರುತ್ತಿತ್ತು.

ಇಬ್ಬರೂ ಕೂರುತ್ತಿದ್ದುದು ಗಾಂಧಿ ಕ್ಲಾಸಿನಲ್ಲಿ, ಅಂದರೆ ಪರದೆಯ ಕಾಲ ಬುಡದ ಮೊದಲ ಸಾಲಿನಲ್ಲಿ. ಪರದೆ ಹತ್ತಿರವಿದ್ದಷ್ಟೂ ಅಪ್ಪನಿಗೆ ಖುಷಿ. ಅವರು ಸಾಲೆಯಿಂದ ನೇರ ಥಿಯೇಟರಿಗೆ ಓಡಿ, ಜೇಬಿನ ದಸ್ತಿ ತೆಗೆದು ಪಕ್ಕದ ಸೀಟಿನ ಮೇಲೆ ಹಾಕಿ ಜಾಗ ಹಿಡಿಯುತ್ತಿದ್ದರು. ಕರ್ಚೀಫಿಗೆ ನಮ್ಮ ಕಡೆ ದಸ್ತಿ ಎನ್ನುತ್ತೇವೆ. ಅವ್ವ ಮನೆಗೆಲಸ ಮುಗಿಸಿ, ತಲೆ ಬಾಚಿಕೊಂಡು, ಸಾವಕಾಶವಾಗಿ ಹೋಗಿ ಆ ದಸ್ತಿ ಎತ್ತಿ ಕೂರುತ್ತಿದ್ದಳು.

ಅವರಿಬ್ಬರ ಜೀವನದಲ್ಲಿ ಅರ್ಧಕ್ಕೆ ನಿಂತ ಸಿನಿಮಾ ಒಂದೇ. ಅದರ ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ಇದನ್ನು ಓದುವುದು ಬಿಟ್ಟು ಅದನ್ನು ನೋಡಲು ಹೋಗುತ್ತೀರಿ. ಕಪ್ಪು ಬಿಳುಪಿನದು. ಒಬ್ಬ ಟಾಂಗಾ ಹೊಡೆಯುವವನಿಗೂ ಅವನ ಹೆಂಡತಿಗೂ ಜಗಳವಾಗಿ ಅವಳು ತವರಿಗೆ ಹೋಗಿಬಿಡುತ್ತಾಳೆ. ಅವನು ಟಾಂಗಾ ಕಟ್ಟಿಕೊಂಡು ಅವಳ ತವರಿನ ಬಾಗಿಲಿಗೆ ಬಂದು ತಟ್ಟುತ್ತಾನೆ. ಒಳಗೆ ಅವಳ ಕೈ ಚಿಲಕದ ಹತ್ತಿರ ಹೋಗುತ್ತದೆ. ಅಲ್ಲಿಗೆ ಇಂಟರ್ವಲ್.

ಮೊದಲ ಸಲ ಆ ಇಂಟರ್ವಲ್‌ನಲ್ಲಿಯೇ ಅವ್ವನಿಗೆ ಹೆರಿಗೆ ನೋವು ಶುರುವಾಯಿತು. ಹುಟ್ಟಿದವಳು ನಾನು. ಹತ್ತು ವರ್ಷದ ನಂತರ ಅದೇ ಸಿನಿಮಾ ಮತ್ತೆ ಗದಗಿಗೆ ಬಂತು. ಇಂಟರ್ವಲ್ ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು, ಆ ದಿನವಿಡೀ ಬರಲಿಲ್ಲ. ಮೂರನೆಯ ಸಲ ಭಾನುವಾರ ಟಿವಿಯಲ್ಲಿ ಹಾಕಿದರು. ಸರಿಯಾಗಿ ಅವಳ ಕೈ ಚಿಲಕದ ಹತ್ತಿರ ಹೋಗುತ್ತಿರುವಾಗ ನಮ್ಮ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ನನ್ನನ್ನು ನೋಡಲು ಗಂಡಿನ ಕಡೆಯವರು ಹೇಳಿದ್ದಕ್ಕಿಂತ ಎರಡು ತಾಸು ಮೊದಲೇ ಬಂದಿದ್ದರು. ಟಿವಿ ಆರಿಸಿ ಉಪ್ಪಿಟ್ಟು ಕೊಟ್ಟೆವು. ಆ ಗಂಡು ನನ್ನನ್ನು ಒಪ್ಪಲೂ ಇಲ್ಲ. "ನನ್ನ ಮಗಳು ಎರಡು ಸಲ ನನ್ನ ಪಿಚ್ಚರ್ ಕೆಡಿಸ್ಯಾಳ ನೋಡ್ರಿ" ಎಂದು ಅಪ್ಪ ಬಂದವರೆದುರೆಲ್ಲ ಹೇಳಿ ನಗುತ್ತಿದ್ದರು.

ಬೇರೆಯವರ ಬಾಯಿಂದ ಆ ಕಥೆಯ ಕೊನೆ ಕೇಳುವುದು ಬೇಡ, ನೋಡಿದರೆ ಇಬ್ಬರೂ ಕೂಡಿಯೇ ನೋಡುವುದು ಎಂದು ಅವರ ಒಪ್ಪಂದ. ಯಾರಾದರೂ ಬಾಯಿ ತೆರೆದರೆ ಅಪ್ಪ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಜೋರಾಗಿ ಹಾಡುತ್ತಿದ್ದರು. ಮೂವತ್ತು ಚಿಲ್ಲರೆ ವರ್ಷ ಇಬ್ಬರೂ ವಾದ ಮಾಡಿದ್ದು ಒಂದೇ ವಿಷಯಕ್ಕೆ. ಅವಳು ಬಾಗಿಲು ತೆಗೆಯುತ್ತಾಳೆ ಎಂದು ಅಪ್ಪ. ತೆಗೆಯುವುದಿಲ್ಲ, ಆಕೆಗೂ ಮಾನ ಮರ್ಯಾದೆ ಇದೆ ಎಂದು ಅವ್ವ. ಹಾಗೆ ವಾದ ಮಾಡುತ್ತಲೇ ಒಂದು ದಿನ ಅಪ್ಪ ಹೋಗಿಬಿಟ್ಟರು.

ಅಪ್ಪ ಹೋದ ಮೇಲೆ ಅವ್ವನ ಮಾತು ಇನ್ನೂ ಕಮ್ಮಿಯಾಯಿತು. ನಗು ನಿಂತೇ ಹೋಯಿತು. ಸಿಂಗಪುರಕ್ಕೆ ಬಾ ಎಂದು ಎರಡು ವರ್ಷ ಕರೆದರೂ ಬರಲಿಲ್ಲ. ಆಗ ನಮ್ಮ ಪುಣ್ಯಕ್ಕೆ ಒಂದು ಸಂಗತಿ ನಡೆಯಿತು. ಅದು ಸಿಂಗಪುರ ಉಕ್ಕಿ ಹರಿಯುತ್ತಿದ್ದ ಕಾಲ, ಎರಡು ಸಾವಿರದ ಏಳೋ ಎಂಟೋ ಇರಬೇಕು. ಎಲ್ಲಿ ನೋಡಿದರೂ ಕ್ರೇನು, ವಾರಕ್ಕೊಂದು ಹೊಸ ಕಾಂಡೊ ಅಪಾರ್ಟ್‌ಮೆಂಟು, ಪ್ರತಿ ವಿಮಾನದಲ್ಲೂ ನಾಲ್ಕು ಜನ ಕನ್ನಡದವರು. ಆ ಹುಮ್ಮಸ್ಸಿನಲ್ಲೇ ಎಷ್ಟೋ ವರ್ಷದಿಂದ ಬಾಗಿಲು ಹಾಕಿದ್ದ ಒಂದು ಹಳೇ ಥಿಯೇಟರನ್ನು ಯಾರೋ ರಿಪೇರಿ ಮಾಡಿ ಮೊದಲಿನ ಹಾಗೆಯೇ ನಿಲ್ಲಿಸಿದ್ದರು. ನಮ್ಮ ಕನ್ನಡ ಗೆಳೆಯರ ಗುಂಪಿಗೆ ಅಲ್ಲಿ ಒಂದು ಶನಿವಾರದ ಮ್ಯಾಟಿನಿ ಸಿಕ್ಕಿತು. ಯಾವ ಸಿನಿಮಾ ತರಿಸೋಣ ಎಂದು ಚರ್ಚೆ ಬಂದಾಗ ನನ್ನ ಗಂಡ ಸುಧಾಕರ ನನ್ನ ಮುಖ ನೋಡಿ ಆ ಟಾಂಗಾದವನ ಸಿನಿಮಾ ಎಂದುಬಿಟ್ಟ. ಉಡುಪಿ ಕಡೆಯವನು, ಮಾತು ಸ್ವಲ್ಪ ಒರಟು, ಮನಸ್ಸು ಬೆಣ್ಣೆ. ಬೆಂಗಳೂರಿನಲ್ಲಿ ಯಾರೋ ಒಬ್ಬರ ಸಂಗ್ರಹದಲ್ಲಿ ಅದರ ಪ್ರಿಂಟು ಇತ್ತು.

ನಾನು ಅವ್ವನಿಗೆ ಫೋನ್ ಮಾಡಿದೆ. ಯಾವ ಸಿನಿಮಾ ಎಂದು ಹೇಳಿದೆ.

"ಪೂರಾ ಪಿಚ್ಚರ್ ತೋರಸ್ತಿಯಾ?" ಎಂದಳು.

"ಪೂರಾ ತೋರಸ್ತೀನಿ ಅವ್ವಾ. ನನ್ನ ಆಣಿ."

"ಹಂಗಾದ್ರ ಬರತೀನಿ."

ಆಣೆ ಇಟ್ಟವಳು ನಾನು. ಅದನ್ನು ನೆನಪಿಟ್ಟುಕೊಳ್ಳಿ.

ಆ ಶನಿವಾರ ಹೌಗಾಂಗ್‌ನ ನಮ್ಮ ಫ್ಲ್ಯಾಟಿನಲ್ಲಿ ಬೆಳಿಗ್ಗೆ ಆರಕ್ಕೇ ಗಲಾಟೆ. ಅವ್ವ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ಎಂಟು ಗಂಟೆಗೇ ಚಪ್ಪಲಿ ಮೆಟ್ಟಿ ಬಾಗಿಲ ಹತ್ತಿರ ಕುಳಿತಿದ್ದಳು. ಶೋ ಇದ್ದುದು ಎರಡಕ್ಕೆ! ಎಂಟು ವರ್ಷದ ನನ್ನ ಮಗಳು "ಅಜ್ಜಿ, still so early lah" ಎಂದರೆ, ಅವ್ವ ಸೊಂಟದಿಂದ ಅಪ್ಪನ ನೀಲಿ ಅಂಚಿನ ದಸ್ತಿ ತೆಗೆದು ತೋರಿಸಿ, "ಜಾಗಾ ಹಿಡಿಯಾಕ ಬ್ಯಾಡೇನ?" ಎಂದಳು. ಅಪ್ಪ ಹೋದ ಮೇಲೆ ಆ ದಸ್ತಿ ಅವಳ ಸೊಂಟ ಬಿಟ್ಟು ಇಳಿದಿರಲಿಲ್ಲ.

ಥಿಯೇಟರ್ ನೋಡುವ ಹಾಗಿತ್ತು. ಹಿತ್ತಾಳೆಯ ಕಟಕಟೆ, ಮೆತ್ತನೆಯ ಕೆಂಪು ಸೀಟು, ಚಾವಣಿಯ ತುಂಬ ಬಣ್ಣದ ಬಳ್ಳಿ, ಹೂವು. ಎದ್ದ ಕೂಡಲೇ ಠಪ್ಪೆಂದು ಮೇಲಕ್ಕೆ ಮಡಚಿಕೊಳ್ಳುವ ಸೀಟುಗಳು. ನನ್ನ ಮಗಳು ಹಗುರ, ಅವಳನ್ನೂ ಸೇರಿಸಿಕೊಂಡೇ ಮಡಚಿಕೊಳ್ಳುತ್ತಿದ್ದವು. ಸಿಂಗಪುರದವರು ಊಟದ ಟೇಬಲ್ಲಿನ ಮೇಲೆ ಟಿಶ್ಯೂ ಪ್ಯಾಕೆಟ್ ಇಟ್ಟು ಜಾಗ ಹಿಡಿಯುತ್ತಾರೆ, ಅದಕ್ಕೆ 'ಚೋಪ್' ಮಾಡುವುದು ಎನ್ನುತ್ತಾರೆ. ನಮ್ಮವರಿಗೆ ಅವರೇನು ಕಲಿಸುವುದು? ಬಾಗಿಲು ತೆರೆದ ಐದು ನಿಮಿಷದಲ್ಲಿ ಬಾಲ್ಕನಿಯೆಲ್ಲ ಕರ್ಚೀಫು, ದುಪಟ್ಟಾ, ಮಗುವಿನ ಚೀಲ, ಚಕ್ಕುಲಿ ಡಬ್ಬ. ಒಬ್ಬರಂತೂ ತಮ್ಮ ಬೂಟು ಬಿಚ್ಚಿ ಎರಡು ಸೀಟು ಹಿಡಿದಿದ್ದರು.

ಅವ್ವ ಮಾತ್ರ ಯಾರನ್ನೂ ನೋಡದೆ ನೆಟ್ಟಗೆ ಮುಂದೆ ನಡೆದಳು. ಮೊದಲ ಸಾಲಿನ ಎರಡೂ ತುದಿಗೆ ಕೆಂಪು ರಿಬ್ಬನ್ ಕಟ್ಟಿತ್ತು, ಸಾಲು ಪೂರ್ತಿ ಖಾಲಿ. ಯಾರೋ ಮುಖ್ಯ ಅತಿಥಿಗಳಿಗೆ ಇಟ್ಟಿರಬೇಕು ಎಂದುಕೊಂಡೆ. ನಮ್ಮ ಮುಖ್ಯ ಅತಿಥಿಗಳು ಯಾವತ್ತು ಸಮಯಕ್ಕೆ ಬಂದಿದ್ದಾರೆ ಹೇಳಿ! ಅವ್ವ ರಿಬ್ಬನ್ ಎತ್ತಿ, ತಲೆ ತಗ್ಗಿಸಿ ಒಳಗೆ ನುಸುಳಿ, ನಟ್ಟನಡುವಿನ ಸೀಟಿನಲ್ಲಿ ಕುಳಿತಳು. ಅವಳ ಬಲಕ್ಕೆ ನಾನು. ಎಡಗಡೆಯ ಸೀಟಿನ ಬೆನ್ನಿಗೆ ಅಪ್ಪನ ದಸ್ತಿ ಹೊದಿಸಿದಳು. ಯಾರಿಗೆ ಎಂದೆ. "ಅಳಿಯಂದ್ರು ಬರ್ತಾರಲ್ಲ" ಎಂದಳು. ಸುಧಾಕರ ಆಗ ಮೇಲೆ ಪ್ರೊಜೆಕ್ಟರ್ ರೂಮಿನಲ್ಲಿ ಫಿಲ್ಮ್ ಡಬ್ಬಿ ಎಣಿಸುತ್ತಿದ್ದ. ಮಗಳು ಹಿಂದೆ ನಾಲ್ಕನೇ ಸಾಲಿನಲ್ಲಿ ಬೆಡೋಕಿನ ನಮ್ಮ ಸ್ನೇಹಿತೆ ಮಾಲತಿಯ ಜೊತೆ ಕುಳಿತಳು.

ಅಷ್ಟರಲ್ಲಿ ಕೈಯಲ್ಲಿ ಟಾರ್ಚ್ ಹಿಡಿದ ಚೀನೀ ಆಂಟಿಯೊಬ್ಬರು ಲಗುಬಗೆಯಿಂದ ಬಂದರು. ಜನರಿಗೆ ಸೀಟು ತೋರಿಸುವುದು ಅವರ ಕೆಲಸ. ಅರವತ್ತು ದಾಟಿದವರು.

"First row cannot, lah. Seventh month already. Must leave empty."

ಏಳನೇ ತಿಂಗಳೆಂದರೆ ಚೀನೀಯರಿಗೆ ತೀರಿಕೊಂಡವರು ಮನೆಗೆ ಬಂದು ಹೋಗುವ ತಿಂಗಳು. ನಮ್ಮ ಹಿರಿಯರ ಹಬ್ಬದ ಹಾಗೆ. ಆಗ ಬಯಲಿನಲ್ಲಿ ಹಾಡು ಕುಣಿತ ನಡೆಸಿದರೂ ಮೊದಲ ಸಾಲಿನ ಕುರ್ಚಿಗಳನ್ನು ಅವರಿಗೆಂದು ಖಾಲಿ ಬಿಡುವುದನ್ನು ನಾನೂ ನೋಡಿದ್ದೆ. ಥಿಯೇಟರಿನಲ್ಲೂ ಬಿಡುತ್ತಾರೆಂದು ಗೊತ್ತಿರಲಿಲ್ಲ. ಹಳೇ ಕಾಲದಿಂದ ಇಲ್ಲಿ ಹೀಗೆಯೇ ಎಂದರು ಆಂಟಿ. ನನಗೆ ರೇಗಿತು. ಸತ್ತವರಿಗೆ ಇಡೀ ಸಾಲು ಬೇಕಾ, ಬದುಕಿರುವ ನಮ್ಮ ಅವ್ವನಿಗೆ ಒಂದು ಸೀಟಿಲ್ಲವಾ ಎಂದು ಜಗಳಕ್ಕೆ ಬಾಯಿ ತೆರೆದೆ. ಆದರೆ ಆಂಟಿಯ ಕಣ್ಣು ಎಡಗಡೆಯ ದಸ್ತಿಯ ಮೇಲೆ ಬಿದ್ದಿತ್ತು.

"You chope for somebody?"

"Yes, someone is coming" ಎಂದೆ ನಾನು, ಗಂಡನನ್ನು ನೆನೆದು.

ಆಂಟಿ ಅವ್ವನ ಬೋಳು ಹಣೆಯ ವಿಭೂತಿಯನ್ನು ನೋಡಿದರು, ದಸ್ತಿಯನ್ನು ನೋಡಿದರು. ಆಮೇಲೆ ದನಿ ತಗ್ಗಿಸಿ "Oh. Then okay. Keep for him" ಎಂದು, ದಸ್ತಿಯ ಮಡಿಕೆಯನ್ನು ತಾವೇ ನೇರ ಮಾಡಿ ಹೋದರು. ಗೆದ್ದೆ ಎಂದುಕೊಂಡೆ ನಾನು.

ಸಿನಿಮಾ ಶುರುವಾಯಿತು. ಎಂಥ ಮಜಾ ಅಂತೀರಿ! ಹೆಸರು ಬಿದ್ದಾಗ ಸಿಳ್ಳೆ, ಹಾಡಿಗೆ ಚಪ್ಪಾಳೆ, ಖಳನಾಯಕ ಬಂದಾಗ "ಹೋಗೋಲೇ" ಎಂದು ಬಾಲ್ಕನಿಯಿಂದ ಬೈಗುಳ. ಕಾಂಡೊದಲ್ಲಿ ಮೆಲ್ಲಗೆ ಮಾತಾಡುವ ಮ್ಯಾನೇಜರುಗಳೆಲ್ಲ ಅವತ್ತು ಎದ್ದು ನಿಂತು ಕುಣಿದರು. ಅವ್ವ ಕಣ್ಣು ಮಿಟುಕಿಸದೆ ನೋಡಿದಳು. ಟಾಂಗಾದವನು ಬಂದು ಬಾಗಿಲು ತಟ್ಟಿದ. ಅವಳ ಕೈ ಚಿಲಕದ ಹತ್ತಿರ ಹೋಯಿತು. ಇಂಟರ್ವಲ್. ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಇಂಟರ್ವಲ್ ಮುಗಿದು ದೀಪ ಆರಿದವು. ಪರದೆಯ ಮೇಲೆ ಕೆಂಪು ಪ್ಯಾಂಟಿನ ಹೀರೋ ಒಬ್ಬ ಮೋಟರ್ ಸೈಕಲ್ಲಿನಲ್ಲಿ ಗಾಜು ಒಡೆದುಕೊಂಡು ಹಾರಿ ಬಂದ. ಬಣ್ಣದ ಸಿನಿಮಾ! ಥಿಯೇಟರ್ ಒಡೆದುಹೋಗುವ ಹಾಗೆ ನಗು. ಟಾಂಗಾದವನಿಗೆ ಲಾಟರಿ ಹೊಡೆಯಿತು ಎಂದು ಯಾರೋ ಕೂಗಿದರು. ನಾನು ಎದ್ದು ಓಡಿದೆ.

ಮೇಲೆ ಸುಧಾಕರ ಬೆವರು ಒರೆಸಿಕೊಳ್ಳುತ್ತ ಡಬ್ಬಿಗಳ ನಡುವೆ ಕುಕ್ಕರುಗಾಲಲ್ಲಿ ಕುಳಿತಿದ್ದ. ಎರಡನೇ ಪೆಟ್ಟಿಗೆಯ ಮೇಲೆ ಬರೆದಿದ್ದ ಹೆಸರು ಸರಿಯಾಗಿತ್ತು, ಒಳಗಿದ್ದದ್ದು ಬೇರೆ ಸಿನಿಮಾ. ಬೆಂಗಳೂರಿಗೆ ಫೋನ್ ಮಾಡಿದೆವು. ಪೆಟ್ಟಿಗೆ ಅದಲುಬದಲಾಗಿದೆ, ತಪ್ಪಾಯಿತು ಎಂದರು ಅವರು. ನಾನು ಸಿಕ್ಕಾಪಟ್ಟೆ ಕೂಗಾಡಿದೆ. ಒಂದೊಂದೇ ಡಬ್ಬಿ ತೆಗೆಸಿ, ಫಿಲ್ಮನ್ನು ದೀಪಕ್ಕೆ ಹಿಡಿದು ನೋಡಿದೆ. ಎಲ್ಲದರಲ್ಲೂ ಆ ಕೆಂಪು ಪ್ಯಾಂಟೇ.

"ಎಂತ ಮಾಡುದು ಮಾರಾಯ್ತಿ, ಜನ ಖುಷಿಯಲ್ಲಿ ಉಂಟು, ಇದನ್ನೇ ಓಡಿಸುವ" ಎಂದ ಸುಧಾಕರ. ಆಮೇಲೆ ಮೆತ್ತಗೆ, "ಅತ್ತೆಗೆ ನೀನೇ ಹೇಳು" ಎಂದ.

ಮುಕ್ಕಾಲು ಗಂಟೆಯ ಮೇಲಾಗಿತ್ತು. ಮೆಟ್ಟಿಲ ಮೇಲೆ ಒಂದು ಗಳಿಗೆ ಕುಳಿತು ಅತ್ತುಬಿಟ್ಟೆ. ಪೂರಾ ತೋರಿಸುತ್ತೇನೆ ಎಂದು ಸಮುದ್ರ ದಾಟಿಸಿ ಕರೆತಂದು, ನಾಲ್ಕನೇ ಸಲವೂ ಅವ್ವನ ಸಿನಿಮಾ ಕೆಡಿಸಿದೆನಲ್ಲ! ಮುಂದಿನ ವಾರ ಅವಳು ವಾಪಸು ಹೋಗುತ್ತಾಳೆ. ಮುಖ ಒರೆಸಿಕೊಂಡು ಕತ್ತಲಲ್ಲಿ ಮುಂದೆ ನಡೆದೆ.

ಅವ್ವ ನಗುತ್ತಿದ್ದಳು. ಸೆರಗು ಬಾಯಿಗೆ ಅಡ್ಡ ಹಿಡಿದು, ಹೆಗಲು ಕುಲುಕಿಸಿ, ಎರಡು ವರ್ಷದಿಂದ ನಾನು ಕೇಳದಿದ್ದ ನಗು. ಪರದೆಯ ಕಡೆ ನೋಡುತ್ತಿರಲಿಲ್ಲ. ತಲೆಯನ್ನು ಎಡಕ್ಕೆ ವಾಲಿಸಿದ್ದಳು, ಗದ್ದಲದಲ್ಲಿ ಪಕ್ಕದವರ ಮಾತು ಕೇಳುವಾಗ ವಾಲಿಸುತ್ತೇವಲ್ಲ, ಹಾಗೆ. ಎಡಗಡೆಯ ಸೀಟು ಮಡಚಿಕೊಂಡಿರಲಿಲ್ಲ, ಕೆಳಗಿತ್ತು. ಅದರಲ್ಲಿ ಯಾರೂ ಇರಲಿಲ್ಲ. ಇದನ್ನು ನಾನು ಕಂಡದ್ದು ಪರದೆಯ ಬೆಳಕಿನಲ್ಲಿ, ಅತ್ತ ಕಣ್ಣಿನಿಂದ, ಹತ್ತು ಹೆಜ್ಜೆ ದೂರದಿಂದ. ನಾನೇ ಅಡ್ಡಪ್ರಶ್ನೆ ಕೇಳಿದರೆ ಈ ಸಾಕ್ಷಿ ನಿಲ್ಲುವುದಿಲ್ಲ. ನಾನು ಹತ್ತಿರ ಬಂದು ಬಲಗಡೆ ಕುಳಿತಾಗ ಆ ಸೀಟು ಠಪ್ಪೆಂದಿತು.

"ಅವ್ವಾ, ಡಬ್ಬಿ ತಪ್ಪಿ ಬಂದಾವ. ನಮ್ಮ ಪಿಚ್ಚರ್..."

"ಹ್ಞೂಂ, ಗೊತ್ತಾತು. ಸುಮ್ಮ ಕುಂಡ್ರು. ಆಮ್ಯಾಲೆ ಹೇಳತೀನಿ" ಎಂದಳು. ದನಿಯಲ್ಲಿ ಬೇಜಾರಿನ ಸುಳಿವೇ ಇಲ್ಲ.

ದೀಪ ಹತ್ತಿದಾಗ ದಸ್ತಿ ಇರಲಿಲ್ಲ. ಸೀಟಿನ ಕೆಳಗೆ, ಹಿಂದೆ, ಸಾಲಿನುದ್ದಕ್ಕೂ ಹುಡುಕಿದೆ. ಟಾರ್ಚಿನ ಆಂಟಿಯೂ ಬಂದು ಮೊಣಕಾಲೂರಿ ಹುಡುಕಿದರು. ಈ ಸಾಲಿಗೆ ಯಾರಾದರೂ ಬಂದಿದ್ದರಾ ಎಂದು ಕೇಳಿದೆ. ತಾವು ಪಕ್ಕದ ಬಾಗಿಲು ಬಿಟ್ಟು ಕದಲಲೇ ಇಲ್ಲ, ಯಾರೂ ಬರಲಿಲ್ಲ ಎಂದರು. ಆಮೇಲೆ ಅವ್ವನ ಕಡೆ ನೋಡಿ ನಕ್ಕರು. ಅವ್ವನೂ ನಕ್ಕಳು. ಒಬ್ಬರ ಭಾಷೆ ಒಬ್ಬರಿಗೆ ಬಾರದ ಆ ಇಬ್ಬರು ಕೈ ಹಿಡಿದುಕೊಂಡು ಬೀಳ್ಕೊಂಡರು. ಅಪ್ಪನ ದಸ್ತಿ ಕಳೆದುಹೋಯಿತಲ್ಲ ಎಂದು ನಾನು ಒದ್ದಾಡಿದರೆ ಅವ್ವ "ಹೋಗ್ಲಿ ಬಿಡು, ನಡಿ, ಹಸಿವ್ಯಾಗೇದ" ಎಂದಳು. ಅವಳ ಬಾಯಿಂದ ಹಸಿವು ಎಂಬ ಮಾತು ಬಂದು ಎಷ್ಟು ಕಾಲವಾಗಿತ್ತು.

ಸಾಲು ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಎಲ್ಲರೂ ದೋಸೆ ತಿಂದು, ಹಬೆಯಾಡುವ ಶುಂಠಿ ಚಹಾ ಹಿಡಿದು ಕುಳಿತೆವು. ಆಗ ಅವ್ವ ಸೆರಗು ಸರಿಮಾಡಿಕೊಂಡು, ತೊಡೆ ತಟ್ಟಿ, "ಇತ್ಲಾಗ ಏನಾತಂದ್ರ" ಎಂದಳು. ನಾನು ಕೈಯಲ್ಲಿದ್ದ ಚಹಾ ಕೆಳಗಿಟ್ಟೆ.

"ಆಕಿ ಬಾಗಲಾ ತಗ್ಯೂದಿಲ್ಲ. ಚಿಲಕದ ಮ್ಯಾಲಿನ ಕೈ ತಕ್ಕೊಂಡಬಿಡ್ತಾಳ. ಇಂವಾ ಹೊರಗ ಮಳ್ಯಾಗ ನಿಂತಾನ. ಆಕಿ ಏನ್ ಮಾಡ್ತಾಳ, ಹಿತ್ತಲ ಬಾಗಲದಿಂದ ಹೊರಗ ಬಂದು, ಮನಿ ಸುತ್ತ ಹಾಕಿ, ಇವನ ಬೆನ್ನ ಹಿಂದ ಬಂದು ನಿಂದರ್ತಾಳ. ಇವನಿಗೆ ಗೊತ್ತಿಲ್ಲ, ಬಾಗಲಾ ಬಡಿಯಾಕ ಹತ್ಯಾನ! ಆಕಿ ಮೊದಲ ಕುದುರಿಗೆ ಹುಲ್ಲು ಹಾಕ್ತಾಳ. ಗಂಡಗ ಮಾತಿಲ್ಲ, ಕುದುರಿಗೆ ಹುಲ್ಲು! ಆಮ್ಯಾಲೆ ಅಂತಾಳ, ಯಾರು ಬೇಕಾಗಿತ್ರೀ, ಈ ಮನ್ಯಾಗ ಯಾರೂ ಇಲ್ಲ, ಅಂತ."

ಅವ್ವ ಆ ಹೆಂಡತಿಯ ಹಾಗೆ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು. ನನ್ನ ಮಗಳು ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ನಡುವೆ ಬರುವ ಎರಡು ಹಾಡು, ಸುಳ್ಳು ಹೇಳಿ ಜಗಳ ಹಚ್ಚಿದ ಸೋದರಮಾವ ಸಿಕ್ಕಿಬೀಳುವುದು, ಎಲ್ಲ ಹೇಳಿದಳು. ಕೊನೆಗೆ ಟಾಂಗಾದವನು ಗಾಡಿಯ ಮೇಲೆ ತನ್ನ ಟವೆಲ್ ಹಾಸಿ ಹೆಂಡತಿಗೆ ಹೇಳುತ್ತಾನಂತೆ: "ನಾ ಜಾಗಾ ಹಿಡಿದಿರತೀನಿ. ಗಡಬಡಿ ಮಾಡಬ್ಯಾಡ. ನೀ ಸಾವಕಾಶ ಬಾ."

"ಅಂತೂ ನಾನೂ ಗೆದ್ದೆ, ನಿಮ್ಮಪ್ಪನೂ ಗೆದ್ರು" ಎಂದು ಅವ್ವ ಚಹಾ ಹೀರಿದಳು.

ಯಾರು ಹೇಳಿದರು ಇದನ್ನೆಲ್ಲ ಎಂದೆ. "ಬಾಜೂಕ ಕುಂತವರು" ಎಂದಳು, ಅಷ್ಟೇ. ನಾನು ಮಾಲತಿಯ ಮುಖ ನೋಡಿದೆ.

"ಅಲ್ಲಿ ಯಾರೂ ಇರ್ಲಿಲ್ಲ ಮಾರಾಯ್ತಿ. ಅಮ್ಮ ಒಬ್ಬರೇ ನಗಾಡ್ತಾ ಇದ್ರು. ಫೈಟಿಂಗ್ ನೋಡಿ ನಗುದು ಅಂತ ಮಾಡಿದೆ ನಾನು" ಎಂದಳು ಮಾಲತಿ.

ಸುಧಾಕರನಿಗೆ ಇದೊಂದು ಆಶ್ಚರ್ಯವೇ ಅಲ್ಲ. "ನಮ್ಮ ಊರಲ್ಲಿ ಭೂತಕ್ಕೆ ವರ್ಷಕ್ಕೊಮ್ಮೆ ಕೋಲ ಕೊಟ್ಟು, ಎದುರು ನಿಂತು ಕಷ್ಟ ಸುಖ ಮಾತಾಡ್ತೇವೆ. ನಿಮ್ಮ ಅಪ್ಪ ಒಂದು ಪಿಕ್ಚರ್ ಕತೆ ಹೇಳಿದ್ರೆ ಎಂತ ಆಯ್ತು?" ಎಂದ. ನಾನು ಬಿಡಲಿಲ್ಲ. ಸಿನಿಮಾಕ್ಕೆ ಬಂದಿದ್ದ ಹಿರಿಯರಿಗೆಲ್ಲ ಆ ವಾರ ಫೋನ್ ಮಾಡಿದೆ. ಯಾರೂ ಮೊದಲ ಸಾಲಿನ ಹತ್ತಿರ ಹೋಗಿರಲಿಲ್ಲ. ಅವ್ವ ಹಿಂದೆಂದೋ ಯಾರದೋ ಬಾಯಲ್ಲಿ ಕೇಳಿ ಮರೆತಿರಬೇಕು, ಅಥವಾ ನಗು ಬರಲೆಂದು ತಾನೇ ಕಟ್ಟಿರಬೇಕು ಎಂದುಕೊಂಡೆ. ಕಥೆ ಕಟ್ಟಲು ಬಾರದ ಅವ್ವ ಒಂದೇ ಮಧ್ಯಾಹ್ನದಲ್ಲಿ ಅದನ್ನು ಕಲಿತಳು ಎಂದು ನನ್ನನ್ನು ನಾನೇ ನಂಬಿಸಿಕೊಂಡೆ. ಅವ್ವ ನಗುತ್ತಲೇ ವಿಮಾನ ಹತ್ತಿದಳು. ನನಗೆ ಆಗ ಅಷ್ಟು ಸಾಕಾಗಿತ್ತು.

ಇದಾಗಿ ಹತ್ತು ಹನ್ನೆರಡು ವರ್ಷದ ಮೇಲೆ ಯಾರೋ ಪುಣ್ಯಾತ್ಮರು ಆ ಸಿನಿಮಾವನ್ನು ಪೂರ್ತಿಯಾಗಿ ಇಂಟರ್ನೆಟ್ಟಿಗೆ ಹಾಕಿದರು. ನಾನು ಆಗ ರಜೆಯ ಮೇಲೆ ಗದಗಿನಲ್ಲಿ, ತಮ್ಮನ ಮನೆಯಲ್ಲಿದ್ದೆ. ಅವ್ವ ಹೊರಗೆ ಮೊಮ್ಮಕ್ಕಳ ನಡುವೆ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನೋಡೋಣ ಬಾ ಎಂದರೆ "ನಾ ನೋಡೇನಲ್ಲ, ನೀ ನೋಡು" ಎಂದಳು. ನಾನು ಒಬ್ಬಳೇ ನೋಡಿದೆ. ಟಾಂಗಾದವನ ಹೆಂಡತಿ ಚಿಲಕದಿಂದ ಕೈ ತೆಗೆದಳು. ಹಿತ್ತಲ ಬಾಗಿಲಿನಿಂದ ಬಂದಳು. ಮಳೆಯಲ್ಲಿ ಅವನ ಬೆನ್ನ ಹಿಂದೆ ನಿಂತಳು. ಕುದುರೆಗೆ ಹುಲ್ಲು ಹಾಕಿದಳು. ಎರಡು ಹಾಡು, ಸೋದರಮಾವ, ಎಲ್ಲ ಇದ್ದವು.

ಕೊನೆಯ ಆ ಮಾತು ಮಾತ್ರ ಇರಲಿಲ್ಲ. ಟವೆಲ್ ಹಾಸುವುದೂ ಇಲ್ಲ, ಜಾಗ ಹಿಡಿದಿರುತ್ತೇನೆ ಎನ್ನುವುದೂ ಇಲ್ಲ. ಇಬ್ಬರೂ ಟಾಂಗಾ ಹತ್ತುತ್ತಾರೆ, ಕುದುರೆ ಓಡುತ್ತದೆ, ಶುಭಂ. ಮೂರು ಸಲ ಹಿಂದಕ್ಕೆ ಹಾಕಿ ನೋಡಿದೆ, ಲ್ಯಾಬಿನ ಚಟ. ಮೂರು ಸಲವೂ ಅದೇ.

ಸಿಕ್ಕಿಬಿದ್ದಳು ಅವ್ವ, ಅಂತೂ ಒಂದು ತಪ್ಪು ಸಿಕ್ಕಿತು ಎಂದು ಖುಷಿಯಿಂದಲೇ ಹೊರಗೆ ಓಡಿದೆ. ನನ್ನಂಥವರಿಗೆ ಒಂದು ತಪ್ಪು ಸಿಕ್ಕರೆ ಸಾಕು, ಉಳಿದದ್ದನ್ನೆಲ್ಲ ಕಾಕತಾಳೀಯ ಎಂದು ಬದಿಗಿಡಬಹುದು.

"ಅವ್ವಾ, ಸಾವಕಾಶ ಬಾ ಅನ್ನೂದು ಪಿಚ್ಚರ್‌ದಾಗ ಇಲ್ಲೇ ಇಲ್ಲ!"

ಅವ್ವ ತಲೆ ಎತ್ತಲಿಲ್ಲ. ಸೊಪ್ಪಿನ ಕಡ್ಡಿ ಒಂದೊಂದಾಗಿ ಬಿಡಿಸುತ್ತಲೇ ಇದ್ದಳು. ಎಂಬತ್ತರ ಹತ್ತಿರದ ಮುಖದಲ್ಲಿ ಹೊಸ ಮದುವಣಗಿತ್ತಿಯ ನಾಚಿಕೆ ಬಂದು ಹೋಯಿತು.

"ಅದು ಪಿಚ್ಚರಿನ ಮಾತಲ್ಲ ಬಿಡ, ಹುಚ್ಚಿ. ಅದು ನನಗ ಹೇಳಿದ್ದು."

ನಾನೂ ಪಕ್ಕದಲ್ಲಿ ಕುಳಿತು ಸೊಪ್ಪು ಬಿಡಿಸತೊಡಗಿದೆ. ಒಂದು ಕಟ್ಟು ಮುಗಿದ ಮೇಲೆ ಅವ್ವನೇ ಮಾತು ತೆಗೆದಳು.

"ಅವತ್ತ ದಸ್ತಿ ಎಲ್ಲಿ ಹೋತು ಅಂತ ಅಷ್ಟ ಹುಡುಕಿದಿ. ಜಾಗಾ ಹಿಡಿಯಾಕ ಅವರಿಗೆ ಬೇಕಲ್ಲ?"